ಓಡದ ಏಳು ಸಾಲು

ಎಸ್ಸೆಸ್ಸೆಲ್ಸಿ ಪಾಸಾಗಿದ್ದೇನೆ ಎಂದು ಸುಳ್ಳು ಹೇಳಿ ಕೆಲಸ ಹಿಡಿದೆ. ಅದಕ್ಕೆ ನನಗೆ ನಾಚಿಕೆಯಿಲ್ಲ. ದೇವದುರ್ಗದಲ್ಲಿ ಓದುವಾಗ ಇಂಗ್ಲಿಷ್ ಮಾಸ್ತರರೊಬ್ಬರು, "ಜಾಲಹಳ್ಳಿ ಹೊಲದಾಗ ಇಂಗ್ಲಿಷ್ ಬಿತ್ತೀ ಏನಲೇ ಅಯ್ಯಣ್ಣ?" ಎಂದರು. ಕ್ಲಾಸೆಲ್ಲ ನಕ್ಕಿತು. ನಾನು ಅವರ ಎದುರಿಗೇ ಪುಸ್ತಕ ಮುಚ್ಚಿ ಎದ್ದು ಬಂದೆ. ಒಂಬತ್ತನೇ ತರಗತಿ ಅಲ್ಲಿಗೆ ಮುಗಿಯಿತು. ಆಮೇಲೆ ರಾಯಚೂರಿಗೆ ಬಂದು ಟೈಪಿಂಗ್ ಕಲಿತೆ. ಹಳೇ ಪುಸ್ತಕದ ಅಂಗಡಿಯಲ್ಲಿ ರಟ್ಟು ಹರಿದ ಕನ್ನಡ–ಇಂಗ್ಲಿಷ್ ನಿಘಂಟು ಕೊಂಡು, ಮೊದಲ ಪುಟದಿಂದ ಬಾಯಿಪಾಠ ಹೊಡೆದೆ. ಸಿಟ್ಟಿನಿಂದ ಕಲಿತದ್ದು ಬೇಗ ಮರೆಯುವುದಿಲ್ಲ. ಬೇಗ ತಿದ್ದಿಕೊಳ್ಳುವುದೂ ಇಲ್ಲ ಎಂಬುದು ಆಗ ಗೊತ್ತಿರಲಿಲ್ಲ.

೧೯೮೭ರ ಮಾತು. ರಾಯಚೂರು ಸ್ಟೇಷನ್ ರಸ್ತೆಯ ಒಂದು ಮಹಡಿಯ ಮೇಲೆ ನಮ್ಮ ವರ್ಕ್‌ಶಾಪು. ಮಿಲ್ಲುಗಳಿಗೆ ಸ್ವಿಚ್ ಬೋರ್ಡು, ಪ್ಯಾನಲ್ಲು ಮಾಡಿಕೊಡುತ್ತಿದ್ದೆವು. ಆ ವರ್ಷ ಹೊಸ ಕೆಲಸವೊಂದು ಬಂತು. ಮಾನ್ವಿಯ ಅಕ್ಕಿ ಮಿಲ್ಲಿನಲ್ಲಿ ಭತ್ತ ಕುದಿಸುವ ಬಾಯ್ಲರಿಗೆ ಕಾವಲು ಕೂರುವ ಒಂದು ಡಬ್ಬಿ. ಡಬ್ಬಿಯೊಳಗೆ ಒಂದು ಚಿಪ್ಪು, ಚಿಪ್ಪಿನೊಳಗೆ ಪ್ರೋಗ್ರಾಮು. ಬಾಯ್ಲರಿನೊಳಗೆ ನೀರು ಕಡಿಮೆಯಾದರೆ ಡಬ್ಬಿಯೇ ಕಂಡುಹಿಡಿದು, ಒಲೆಗೆ ಹೊಟ್ಟು ನೂಕುವ ಮೋಟಾರನ್ನು ನಿಲ್ಲಿಸಬೇಕು. ನಿಲ್ಲಿಸದಿದ್ದರೆ ಬರೀ ತಗಡು ಕಾಯುತ್ತದೆ, ಕಾದ ತಗಡು ಸೀಳುತ್ತದೆ, ಸೀಳಿದರೆ ಎದುರಿಗೆ ನಿಂತವನು ಉಳಿಯುವುದಿಲ್ಲ.

ಎದುರಿಗೆ ನಿಲ್ಲುವವನು ನಮ್ಮಣ್ಣ ಹುಸೇನಪ್ಪ. ಆ ಮಿಲ್ಲಿನಲ್ಲಿ ಎಂಟು ವರ್ಷದಿಂದ ಬಾಯ್ಲರ್ ನೋಡುತ್ತಿದ್ದ. ಡಬ್ಬಿ ಬರುವವರೆಗೆ ಅವನ ಜೊತೆಗೆ ಇನ್ನೊಬ್ಬ ಇರುತ್ತಿದ್ದ, ಬೂದೆಪ್ಪ ಅಂತ. ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಯನ್ನು ಪಾಳಿಯುದ್ದಕ್ಕೂ ನೋಡುತ್ತ ಕೂರುವುದೊಂದೇ ಬೂದೆಪ್ಪನ ಕೆಲಸ. ಡಬ್ಬಿ ಬಂದ ದಿನ ಬೂದೆಪ್ಪ ಗೋದಾಮಿಗೆ ಹೋಗಬೇಕು, ಅಣ್ಣ ಒಬ್ಬನೇ ಉಳಿಯಬೇಕು. ಹಾಗೆಂದು ಮಿಲ್ಲಿನ ಮ್ಯಾನೇಜರ್ ರಾಮಲಿಂಗಪ್ಪ ಮೊದಲೇ ಠರಾಯಿಸಿದ್ದರು.

ಪ್ರೋಗ್ರಾಮು ಬರೆದವರು ಅನ್ವರಿ ಬೇಗಂ. ರಾಯಚೂರಿನವರೇ. ಹೈದರಾಬಾದಿನಲ್ಲಿ ಎಂಜಿನಿಯರಿಂಗ್ ಓದಿ ಬಂದವರು. ಕನ್ನಡ ಲೀಲಾಜಾಲವಾಗಿ ಮಾತಾಡುತ್ತಿದ್ದರು, ಆದರೆ ಕನ್ನಡ ಅಕ್ಷರ ಬರುತ್ತಿರಲಿಲ್ಲ. ಮೊದಲು ಉರ್ದು ಶಾಲೆ, ಆಮೇಲೆ ಇಂಗ್ಲಿಷ್. ನಾನು ಅವರು ಬರೆದುಕೊಟ್ಟದ್ದನ್ನು ಕಂಪ್ಯೂಟರಿಗೆ ಟೈಪ್ ಮಾಡುತ್ತಿದ್ದೆ.

ಅವರು ಒಂದು ವಿಷಯದಲ್ಲಿ ಭಾರಿ ಹಟಮಾರಿ. ನಾವು ಬರೆದ ಸಾಲುಗಳನ್ನು ಚಿಪ್ಪಿನ ಭಾಷೆಗೆ ತಿರುಗಿಸುವ ಕಂಪೈಲರ್ ಎಂಬುದೊಂದಿದೆ. ಅದು ತಿರುಗಿಸಿ ಸುಮ್ಮನಾಗಬೇಕು, ಅದರ ಕೆಲಸ ಅಷ್ಟೇ. ಇವರು ನಾಲ್ಕು ತಿಂಗಳು ಕೂತು ಅದಕ್ಕೊಂದು ಹೊಸ ಕೆಲಸ ಕಲಿಸಿದರು. ಪ್ರೋಗ್ರಾಮಿನ ದಾರಿ ಎಲ್ಲೆಲ್ಲಿ ಕವಲೊಡೆಯುತ್ತದೋ ಅಲ್ಲೆಲ್ಲ ಕಂಪೈಲರೇ ಒಂದೊಂದು ಗೂಟ ನೆಡುತ್ತಿತ್ತು. ಪರೀಕ್ಷೆ ನಡೆಸುವಾಗ ಆ ದಾರಿಯಲ್ಲಿ ಓಟ ಹಾದುಹೋದಷ್ಟು ಸಲ ಗೂಟದ ಲೆಕ್ಕ ಏರುತ್ತಿತ್ತು. ಕೊನೆಗೆ ಉದ್ದನೆಯ ಕಾಗದದ ಮೇಲೆ ಪ್ರತಿ ಸಾಲಿನ ಎದುರಿಗೂ ಒಂದು ಅಂಕಿ ಅಚ್ಚಾಗಿ ಬರುತ್ತಿತ್ತು. ಎದುರಿಗೆ ಸೊನ್ನೆ ಇದ್ದರೆ ಆ ಸಾಲು ಒಮ್ಮೆಯೂ ಓಡಿಲ್ಲ ಎಂದರ್ಥ.

"ಓಡದೇ ಇರೋ ಸಾಲು ಚಿಪ್ಪಿನೊಳಗ ಹೋಗಂಗಿಲ್ಲ" ಎನ್ನುತ್ತಿದ್ದರು. "ಒಂದೋ ಅದು ಯಾಕ ಬೇಕು ಅಂತ ತೋರ್ಸಿ, ಪರೀಕ್ಷಾ ಬರ್ದು ಓಡಿಸ್ಬೇಕು. ಇಲ್ಲಾ ತಗದು ಒಗೀಬೇಕು. ಸೊನ್ನೆ ಅಳಿಸಾಕಂತ ಸುಳ್ಳ ಪರೀಕ್ಷಾ ನಾ ಬರ್ಯಂಗಿಲ್ಲ."

ಪರೀಕ್ಷೆಗಳನ್ನು ಅವರು ತಲೆಯಿಂದ ಹುಟ್ಟಿಸುತ್ತಿರಲಿಲ್ಲ. ಮಾನ್ವಿಯಿಂದ ಮೂರು ವರ್ಷದ ಪಾಳಿ ಪುಸ್ತಕಗಳನ್ನು ತರಿಸಿದ್ದರು. ಬಾಯ್ಲರ್ ನೋಡುವವರು ಪಾಳಿ ಮುಗಿದಾಗ ಅಂದು ಏನಾಯಿತೆಂದು ಒಂದೋ ಎರಡೋ ಸಾಲು ಗೀಚುವ ಪುಸ್ತಕ. ಹೆಬ್ಬೆರಳ ಮಸಿ, ಬೀಡಿ ಬೂದಿ, ಕಾಗುಣಿತ ಕೇಳಲೇಬೇಡಿ. ಅವನ್ನೆಲ್ಲ ಇಂಗ್ಲಿಷಿಗೆ ತಿರುಗಿಸಿ ಟೈಪ್ ಮಾಡುವವರು ಯಾರು ಎಂದು ಕೇಳಿದಾಗ ನಾನೇ ಎದ್ದು ನಿಂತೆ.

"ನಿನಗ ಇಂಗ್ಲಿಷ್ ಅಷ್ಟ್ ಬರ್ತದಾ?" ಎಂದರು.

"ಬರ್ತದ ಮೇಡಂ" ಎಂದೆ. ಒಂದು ತಿಂಗಳಲ್ಲಿ ಮುಗಿಸಿ ಕೊಟ್ಟೆ. ಅಣ್ಣನ ಕೈಬರಹ ನನ್ನ ಇಂಗ್ಲಿಷಿನಲ್ಲಿ ಅಚ್ಚಾಗಿ ಬಂದದ್ದು ನೋಡಿ, ಆ ಮಾಸ್ತರರಿಗೆ ಒಂದು ಪ್ರತಿ ಕಳಿಸೋಣವೇ ಎಂದುಕೊಂಡಿದ್ದೂ ನಿಜ.

ನವೆಂಬರಿನ ಒಂದು ಶನಿವಾರ ಕೊನೆಯ ಕಾಗದ ಅಚ್ಚಾಗಿ ಬಂತು. ಮೇಲಿನಿಂದ ಕೆಳಗಿನವರೆಗೆ ಅಂಕಿಗಳು. ನಡುವೆ ಒಂದು ಕಡೆ ಏಳು ಸಾಲಿನ ಎದುರು ಏಳು ಸೊನ್ನೆ.

ಅನ್ವರಿ ಬೇಗಂ ಕನ್ನಡಕ ಏರಿಸಿ ನೋಡಿದರು. ಬಾಯ್ಲರಿನೊಳಗೆ ನೀರಿನ ಮಟ್ಟ ಅರಿಯಲು ಎರಡು ಕಡ್ಡಿಗಳನ್ನು ಇಳಿಬಿಟ್ಟಿರುತ್ತಾರೆ, ಒಂದು ಮೇಲೆ, ಒಂದು ಕೆಳಗೆ. ಮೇಲಿನ ಕಡ್ಡಿ ತೊಯ್ದರೆ ನೀರು ತುಂಬಿದೆ, ಪಂಪು ನಿಲ್ಲಿಸು. ಕೆಳಗಿನ ಕಡ್ಡಿ ಒಣಗಿದರೆ ನೀರು ಇಳಿದಿದೆ, ಹೊಟ್ಟು ನಿಲ್ಲಿಸು. ಆ ಏಳು ಸಾಲು, ಮೇಲಿನ ಕಡ್ಡಿ ತೊಯ್ದು ಕೆಳಗಿನ ಕಡ್ಡಿ ಒಣಗಿದ್ದರೆ ಏನು ಮಾಡಬೇಕು ಎಂಬುದಕ್ಕೆ. ಲೆಕ್ಕ ಪೂರ್ತಿಯಾಗಲಿ ಎಂದು ಶುರುವಿನಲ್ಲಿ ಅವರೇ ಬರೆದಿಟ್ಟಿದ್ದರು.

"ಅರೆ, ಮ್ಯಾಲ ನೀರು ಇದ್ದು ಕೆಳಗ ಇಲ್ಲ ಅಂದ್ರ ಹೆಂಗ? ನೀರು ಏನ್ ಗಾಳ್ಯಾಗ ನಿಂದರ್ತದಾ?" ಎಂದು ತಮಗೆ ತಾವೇ ನಕ್ಕರು. ಆಮೇಲೆ ನನ್ನ ಕಡೆ ತಿರುಗಿ, "ಅಯ್ಯಣ್ಣ, ಪಾಳಿ ಬುಕ್ಕಿನ್ಯಾಗ ಇಂಥಾದ್ದು ಎಲ್ಲೆರ ಬಂದದಾ? ಮ್ಯಾಲ ತುಂಬ್ಯದ, ಕೆಳಗ ಖಾಲಿ ಅಂತ?"

"ಇಲ್ಲ ಮೇಡಂ." ಯೋಚಿಸಲೇ ಇಲ್ಲ. ಎಲ್ಲಾ ನನಗೆ ಬಾಯಿಪಾಠ ಎಂಬ ಸೊಕ್ಕು.

"ಅಲ್ಲಲ್ಲಿ ಸ್ಟೀಲು ಪೀಲು ಅಂತ ಏನೋ ಇತ್ತಲ್ಲ, ತಿಳೀಲಿಲ್ಲ ಅಂತ ಬಿಟ್ಟಿದ್ದೆ."

"ಅದು ತಗಡಿನ ವಿಷಯ ಮೇಡಂ. ನೀರಿನ್ದಲ್ಲ."

"ಅಚ್ಛಾ. ಹಂಗಾದ್ರ ತಗದ್ ಬಿಡು ಏಳೂ ಸಾಲು. ಸೋಮವಾರ ಚಿಪ್ಪಿಗೆ ಇಳಸೋಣು, ಮಂಗಳವಾರ ಮಾನ್ವಿಗೆ ಒಯ್ಯೋಣು."

ನಾನೇ ಅಳಿಸಿದೆ. ನನ್ನ ಬೆರಳಿನಿಂದಲೇ.

ಭಾನುವಾರ ಅಣ್ಣನ ಮನೆಗೆ ಹೋದೆ. ಕಲ್ಲೂರು ದಾಟುವವರೆಗೆ ಬಸ್ಸಿನಲ್ಲಿ ನಿಂತೇ ಇದ್ದೆ. ಮಿಲ್ಲಿನ ಹಿಂದಿನ ಓಣಿಯಲ್ಲಿ ಅವರದು ಎರಡು ಕೋಣೆ. ಅಣ್ಣ ರಜೆಯ ದಿನವೆಂದು ತಲೆಗೆ ಎಣ್ಣೆ ಹಚ್ಚಿಕೊಂಡು ಹೊರಗೆ ಕೂತಿದ್ದ. ಅತ್ತಿಗೆ ಬಂಡೆಮ್ಮ ಒಳಗೆ ರೊಟ್ಟಿ ಬಡಿಯುತ್ತಿದ್ದಳು.

"ಬಾ ಸಾಹೇಬಾ" ಎಂದ ಅಣ್ಣ. "ಮಂಗಳವಾರ ನಿಮ್ಮ ಡಬ್ಬಿ ಬರ್ತದಂತಲ್ಲ. ಅದಕ್ಕ ಮೊದಲ, ನಿನ್ನೇನ ಬೂದೆಪ್ಪನ್ನ ಗೋದಾಮಿಗೆ ಹಾಕ್ಯಾರ. ಹೋಗೋವಾಗ ಅಂದ, ನಾ ಎಂಟು ತಾಸು ಕಣ್ಣು ಮಿಟಕಸದ ಕುಂತು ನೋಡ್ತಿದ್ದ ಗಾಜು, ಇನ್ ಮ್ಯಾಲ ಡಬ್ಬಿ ನೋಡ್ತದಂತ, ಅದಕ್ಕ ಚಾ ಕುಡಿಸೂ ಕರ್ಚೂ ಇಲ್ಲ ಅಂದ."

"ಡಬ್ಬಿಗೆ ನಿದ್ದಿ ಬರಂಗಿಲ್ಲ ಯಣ್ಣಾ. ಬೂದೆಪ್ಪಗ ಬರ್ತಿತ್ತು."

"ಬರ್ತಿತ್ತು, ಬರ್ತಿತ್ತು" ಎಂದು ನಕ್ಕ. "ಅದಿರ್ಲಿ, ಉಕ್ಕು ಬಂದ್ರ ನಿಮ್ಮ ಡಬ್ಬಿ ಏನ್ ಮಾಡ್ತದ?"

"ಯಾವ ಉಕ್ಕು?"

"ಯಾವ ಉಕ್ಕು ಅಂದ್ರ? ಉಕ್ಕಲೇ. ಬುಕ್ಕಿನ್ಯಾಗ ಬರದೀನಲ್ಲ, ಉಕ್ಕು ಮ್ಯಾಲ, ತಳಾ ಖಾಲಿ ಅಂತ. ನೀನ ಓದೀ ಅಂದೆಲ್ಲ?"

ಓದಿದ್ದೆ. ಮೂರು ಪುಸ್ತಕದಲ್ಲಿ ಹನ್ನೊಂದು ಕಡೆ ಇತ್ತು. ಹನ್ನೊಂದೂ ಕಡೆ ಒಂದೇ ರೀತಿ, ಮೇಲೆ ಸ್ಟೀಲು, ತಳ ಬರಿದು ಎಂದು ತಿರುಗಿಸಿದ್ದೆ. "ಸ್ಟೀಲು ಅಲ್ಲೇನು?" ಎಂದೆ.

ಅಣ್ಣನಿಗೆ ಅರ್ಥವಾಗಲಿಲ್ಲ. ಒಳಗಿದ್ದ ಬಂಡೆಮ್ಮನಿಗೆ ಆಯಿತು. ರೊಟ್ಟಿ ಬಡಿಯುವ ಸದ್ದು ನಿಂತಿತು. "ಏನಂದಿ ಅಯ್ಯಣ್ಣ? ಉಕ್ಕಿದ್ರ ಸ್ಟೀಲು ಆಗ್ತದಾ? ಯವ್ವಾ, ಹಂಗಾಗಿದ್ರ ನಾ ದಿನಾ ಉಕ್ಕಸೋ ಬ್ಯಾಳಿಗೆ ಇಷ್ಟೊತ್ತಿಗೆ ಪಾತ್ರಿ ಅಂಗಡೀನ ಇಡ್ತಿದ್ದೆ!"

ಇಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ.

ನಮ್ಮ ಕಡೆ ಕಬ್ಬಿಣ ಎನ್ನುತ್ತಾರೆ, ಸ್ಟೀಲು ಎನ್ನುತ್ತಾರೆ. ಆ ಲೋಹಕ್ಕೆ ಉಕ್ಕು ಎಂದು ಮನೆಯಲ್ಲಿ ಯಾರೂ ಅನ್ನುವುದಿಲ್ಲ. ಅದು ಪುಸ್ತಕದ ಮಾತು, ನಾನು ನಿಘಂಟಿನಲ್ಲಿ ಕಲಿತದ್ದು. ಬಾಯ್ಲರಿನ ಪುಸ್ತಕದಲ್ಲಿ ಉಕ್ಕು ಎಂದು ಕಂಡಾಗ, ಹಾಲು ಉಕ್ಕುವುದೂ ಬೇಳೆ ಉಕ್ಕುವುದೂ ನನಗೆ ನೆನಪೇ ಆಗಲಿಲ್ಲ. ಅಷ್ಟು ದೊಡ್ಡ ಮಶೀನಿನ ಪುಸ್ತಕದಲ್ಲಿ ಅಡುಗೆಮನೆಯ ಮಾತು ಇರುತ್ತದೆಂದು ಯಾರಿಗೆ ಗೊತ್ತು? ನಮ್ಮವ್ವ ದಿನಕ್ಕೆ ಎರಡು ಸಲ ಅನ್ನುತ್ತಿದ್ದ ಮಾತನ್ನು ನಾನು ಮರೆತಿದ್ದೆ. ಯಾರೋ ಅಚ್ಚು ಹಾಕಿಸಿದ್ದು ಮಾತ್ರ ನೆನಪಿತ್ತು.

"ಬಾಯ್ಲರಿನ್ಯಾಗ ಹೆಂಗ ಉಕ್ಕು ಬರ್ತದ ಯಣ್ಣಾ, ಪೂರಾ ಹೇಳು."

ನನ್ನ ಮುಖ ನೋಡಿ ಅಣ್ಣ ನಗು ನಿಲ್ಲಿಸಿದ. "ನಮ್ಮ ಬೋರಿನ ನೀರು ಸವಳಲ್ಲ. ಸವಳು ನೀರು ಜೋರ್ ಕುದ್ದ್ರ ನೊರಿ ಏಳ್ತದ. ನೊರಿ ಮ್ಯಾಲಿನ ತನಾ ಏರಿ ತುಂಬಿದಂಗ ಕಾಣ್ತದ. ಕೆಳಗ ನೋಡಿದ್ರ ನೀರ ಇರಂಗಿಲ್ಲ. ಹೊಸಬ್ರು ಮ್ಯಾಲ ನೋಡಿ ತುಂಬ್ಯದ ಅಂತ ಪಂಪು ಬಂದ್ ಮಾಡ್ತಾರ. ಮಾಡಿದ್ರ ಮುಗೀತು. ಬೂದೆಪ್ಪ ಗಾಜಿನ ತಳಾ ನೋಡಿ ಒದರ್ತಿದ್ದ, ನಾ ಹೊಟ್ಟು ಬಂದ್ ಮಾಡ್ತಿದ್ದೆ. ವರ್ಷಕ್ಕ ಮೂರ್ ನಾಕ್ ಸಲ."

ನಾನು ಅಳಿಸಿದ್ದು ಆ ಬೂದೆಪ್ಪನ ಒದರಾಟವನ್ನೇ. ಏಳು ಸಾಲು ಇಲ್ಲದ ಡಬ್ಬಿ ಮೇಲಿನ ಕಡ್ಡಿ ತೊಯ್ದದ್ದನ್ನು ಮೊದಲು ನೋಡುತ್ತದೆ, ನೀರು ತುಂಬಿದೆ ಎಂದುಕೊಂಡು ಪಂಪು ನಿಲ್ಲಿಸುತ್ತದೆ, ಕೆಳಗಿನ ಕಡ್ಡಿಯ ಕಡೆ ತಿರುಗಿಯೂ ನೋಡುವುದಿಲ್ಲ. ಹೊಟ್ಟು ಬೀಳುತ್ತಲೇ ಇರುತ್ತದೆ.

"ಊಟಾ ಮಾಡ್ಕೊಂಡ್ ಹೋಗೋ" ಎಂದಳು ಬಂಡೆಮ್ಮ. ಬಡಿದ ರೊಟ್ಟಿ ಬಿಟ್ಟು ಬಸ್‌ಸ್ಟ್ಯಾಂಡಿಗೆ ನಡೆದೆ.

ದಾರಿಯುದ್ದಕ್ಕೂ ಸಿಟ್ಟು. ಮಾಸ್ತರರ ಮೇಲೆ, ನಿಘಂಟಿನ ಮೇಲೆ, ಕನ್ನಡ ಓದಲು ಬಾರದ ಎಂಜಿನಿಯರ್ ಮೇಲೆ, ಕೊನೆಗೆ ಸರಿಯಾಗಿ ಬರೆಯಬಾರದಿತ್ತೇ ಎಂದು ಅಣ್ಣನ ಮೇಲೂ. ಅಣ್ಣ ಸರಿಯಾಗಿಯೇ ಬರೆದಿದ್ದ. ಹೇಳಿದರೆ ನನ್ನ ಇಂಗ್ಲಿಷಿನ ಬಂಡವಾಳ ಬಯಲಾಗುತ್ತದೆ. ಸರ್ಟಿಫಿಕೇಟು ತಾ ಎನ್ನುತ್ತಾರೆ. ಕೆಲಸ ಹೋಗುತ್ತದೆ. ಹೇಳದೆಯೇ ಸರಿಮಾಡಬಹುದಲ್ಲ ಎಂಬ ಯೋಚನೆ ರಾಯಚೂರು ಹತ್ತಿರವಾದಂತೆ ಗಟ್ಟಿಯಾಯಿತು. ಟೈಪ್ ಮಾಡುವವನು ನಾನೇ ತಾನೇ?

ಸೋಮವಾರ ಎಲ್ಲರಿಗಿಂತ ಒಂದು ತಾಸು ಮೊದಲು ವರ್ಕ್‌ಶಾಪಿನ ಬೀಗ ತೆಗೆಸಿದೆ. ಶನಿವಾರದ ಕಾಗದ ಎದುರಿಗಿಟ್ಟುಕೊಂಡು ಏಳು ಸಾಲನ್ನೂ ಇದ್ದ ಹಾಗೆ ಟೈಪ್ ಮಾಡಿದೆ. ಕಂಪೈಲರಿಗೆ ಕೊಟ್ಟೆ. ಗೂಟ ನೆಟ್ಟಿತು. ಇನ್ನು ಸೊನ್ನೆ ಅಳಿಯಬೇಕಾದರೆ ಆ ಸಾಲು ಓಡಬೇಕು. ಮೇಜಿನ ಮೇಲೆ ಪರೀಕ್ಷೆಯ ಹಲಗೆ ಇತ್ತು. ಕಡ್ಡಿಗಳ ಬದಲು ಎರಡು ಸ್ವಿಚ್ಚು, ಹೊಟ್ಟಿನ ಮೋಟಾರಿನ ಬದಲು ಕೆಂಪು ಬಲ್ಬು, ಪಂಪಿನ ಬದಲು ಹಸಿರು ಬಲ್ಬು. ಮೇಲಿನ ಕಡ್ಡಿ ತೊಯ್ದಿದೆ ಎಂದು ಒಂದು ಸ್ವಿಚ್ಚು ಮೇಲಕ್ಕೆ, ಕೆಳಗಿನದು ಒಣಗಿದೆ ಎಂದು ಇನ್ನೊಂದು ಕೆಳಕ್ಕೆ ಒತ್ತಿ ಓಡಿಸಿದೆ.

ಕಾಗದ ಅಚ್ಚಾಗಿ ಬಂತು. ಏಳೂ ಸಾಲಿನ ಎದುರು ಒಂದು, ಒಂದು, ಒಂದು. ಸೊನ್ನೆಯೇ ಇಲ್ಲ. ಎದ್ದು ಕುಣಿಯುವುದೊಂದೇ ಬಾಕಿ. ಕಾಗದ ಹರಿದುಕೊಂಡು ತಿರುಗಿ ನೋಡುತ್ತೇನೆ, ಹಲಗೆಯ ಮೇಲೆ ಹಸಿರು ಬಲ್ಬು ಆರಿತ್ತು. ಕೆಂಪು ಉರಿಯುತ್ತಲೇ ಇತ್ತು.

ಮತ್ತೆ ಓಡಿಸಿದೆ. ಹಸಿರು ಆರಿತು, ಕೆಂಪು ಆರಲಿಲ್ಲ. ಪಂಪು ನಿಂತಿತು, ಬೆಂಕಿ ನಿಲ್ಲಲಿಲ್ಲ. ಕಾಗದದಲ್ಲಿ ಒಂದು ಇದ್ದದ್ದು ಎರಡಾಯಿತು. ಸಾಲು ಓಡುತ್ತಿತ್ತು, ಓಡಿ ತಪ್ಪು ಕೆಲಸ ಮಾಡುತ್ತಿತ್ತು. ಸಾಲುಗಳನ್ನು ಹತ್ತು ಸಲ ನೋಡಿದೆ. ಟೈಪ್ ಮಾಡಲು ಬರುತ್ತದೆ, ಬರೆಯಲು ಬರುವುದಿಲ್ಲ. ಯಾವ ಅಂಕಿ ಯಾವುದಕ್ಕೆ ಎಂದು ನನಗೇನು ಗೊತ್ತು? ಕಾಗದವನ್ನು ಅವರ ಮೇಜಿನ ಮೇಲಿಟ್ಟು ಸುಮ್ಮನಿದ್ದರೆ ಸೊನ್ನೆ ಇಲ್ಲವೆಂದು ಚಿಪ್ಪಿಗೆ ಇಳಿಸುತ್ತಾರೆ. ನಾಳೆ ಅದು ಅಣ್ಣನ ಎದುರಿಗೆ ಕೂರುತ್ತದೆ.

ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ನಾನು ಏಳಲಿಲ್ಲ.

"ಅರೆ, ಇಷ್ಟ್ ಲಗೂನ?" ಅನ್ವರಿ ಬೇಗಂ ಚೀಲ ಇಟ್ಟು ಬಲ್ಬು ನೋಡಿದರು, ಕಾಗದ ನೋಡಿದರು. "ಈ ಸಾಲು ತಗದಿದ್ದಿಯಲ್ಲ? ಯಾರು ಹಾಕಿದ್ದು?"

"ನಾನ."

"ಯಾಕ?"

"ತಪ್ಪು ಬರ್ದಿದ್ದೆ ಮೇಡಂ. ಇಂಗ್ಲಿಷಿನ್ಯಾಗ."

ಪಾಳಿ ಪುಸ್ತಕ ತೆಗೆದು ತೋರಿಸಿದೆ. ತೋರಿಸಿ ಏನು ಪ್ರಯೋಜನ, ಅವರಿಗೆ ಓದಲು ಬಾರದು. "ಓದು" ಎಂದರು. ಗಟ್ಟಿಯಾಗಿ ಓದಿದೆ: "ಮುಂಜಾಲೆ ಪಾಳಿ. ಉಕ್ಕು ಮ್ಯಾಲ, ತಳಾ ಖಾಲಿ. ಹೊಟ್ಟು ಬಂದ್ ಮಾಡಿದೆ. ಹುಸೇನಪ್ಪ."

ನಾನು ಪುಸ್ತಕ ಮುಚ್ಚುವ ಮೊದಲೇ ಅವರ ಕೈ ಬಾಯಿಗೆ ಹೋಯಿತು. "ಉಕ್ಕು! ಉಬಾಲ್! ಯಾ ಅಲ್ಲಾ... ಅಯ್ಯಣ್ಣ, ಇದನ್ನ ಸ್ಟೀಲು ಅಂತ ಬರ್ದೀಯಾ?"

"ಹೂಂ."

"ನಮ್ಮಮ್ಮಿಗೆ ಕೇಳಿದ್ರೂ ಹೇಳ್ತಿದ್ಳಲ್ಲೋ!"

ಬೈದರೆ ತಿರುಗಿಸಿ ಬೈಯಬೇಕೆಂದು ಹಲ್ಲು ಕಚ್ಚಿ ನಿಂತಿದ್ದೆ. ಅವರು ಬೈಯಲಿಲ್ಲ. ಕುರ್ಚಿ ಎಳೆದು ಕೂತು, ಏಳು ಸಾಲಿನ ಮೇಲೆ ಬೆರಳಾಡಿಸುತ್ತ ಐದನೆಯದರ ಮೇಲೆ ನಿಂತರು. ಹೊಟ್ಟಿನ ಮೋಟಾರಿನ ಅಂಕಿ ಇರಬೇಕಾದಲ್ಲಿ ಪಂಪಿನ ಅಂಕಿ ಇತ್ತು. ಮೇಲಿನ ಸಾಲಿನಿಂದ ನಕಲು ಮಾಡುವಾಗ ಬದಲಿಸುವುದು ಬಿಟ್ಟುಹೋಗಿತ್ತು.

"ಇದು ನಂದು" ಎಂದರು. "ಇದ್ನ ನಾನ ಬರ್ದಿದ್ದು. ಓಡಿಸದ ಬಿಟ್ಟಿದ್ದಕ್ಕ ಸಿಕ್ಕಿರ್ಲಿಲ್ಲ." ತಿದ್ದಿ, ಕಂಪೈಲರಿಗೆ ಕೊಟ್ಟು, ಸ್ವಿಚ್ಚು ಒತ್ತಿದರು. ಕೆಂಪು ಆರಿತು. ಇನ್ನೆರಡು ಸಲ ಒತ್ತಿದರು. ಎರಡು ಸಲವೂ ಆರಿತು.

ಆಗ ನಾನು ಇನ್ನೊಂದನ್ನೂ ಹೇಳಿಬಿಟ್ಟೆ. ಒಂಬತ್ತನೇ ತರಗತಿ, ನಿಘಂಟು, ಎಲ್ಲಾ. ಹೇಳುವಾಗ ಧ್ವನಿ ಏರಿತ್ತು, ಜಗಳವಾಡುವವನ ಹಾಗೆ. ಅವರು ಪೂರ್ತಿ ಕೇಳಿ, "ಇದನ್ನ ವರ್ಕ್‌ಶಾಪ್ ಮಾಲಕರಿಗೆ ನೀನ ಹೇಳು. ನಾ ಚಾಡಿ ಹೇಳಂಗಿಲ್ಲ, ಮುಚ್ಚಿಡೂದೂ ಇಲ್ಲ" ಎಂದರು. "ಅದು ಆಮ್ಯಾಲ. ಈಗ ಹೇಳು, ಈ ಮೂರು ಬುಕ್ಕಿನ್ಯಾಗ ಇನ್ನೂ ಎಷ್ಟು ಉಕ್ಕು ಅದಾವ?"

"ಗೊತ್ತಿಲ್ಲ ಮೇಡಂ."

ಮೊದಲ ಸಲ ಆ ಮಾತು ನನ್ನ ಬಾಯಿಂದ ಬಂತು.

ಅವರು ಮಾನ್ವಿಗೆ ಫೋನು ಹಚ್ಚಿದರು. ರಾಮಲಿಂಗಪ್ಪನವರ ಕೂಗು ನನಗೂ ಕೇಳುತ್ತಿತ್ತು. "ಏನ್ ಮೇಡಂ, ನಾಳಿ ಅಂದ್ರಿ, ಬೂದೆಪ್ಪನ್ನ ಆಗ್ಲೇ ಕಿತ್ತೀನಿ!"

"ವಾಪಸ್ ಕುಂದ್ರಸ್ರಿ."

"ಒಬ್ಬ ಆಳು ಗೋದಾಮಿಗೆ ಬೇಕ್ರಿ ನನಗ!"

"ರಾಮಲಿಂಗಪ್ಪನೋರ, ಬೂದೆಪ್ಪ ಗಾಜಿನ ಮುಂದ ಇಲ್ಲ ಅಂದ್ರ ಬಾಯ್ಲರ್ ಹಚ್ಚಬ್ಯಾಡ್ರಿ. ನಾ ಬರ್ದು ಕೊಡ್ತೀನಿ, ನನ್ನ ಸಹಿ ಹಾಕಿ. ಡಬ್ಬಿ ತಯಾರಾಗಿಲ್ಲ. ನಮ್ಮ ಕಡೆಯಿಂದ ತಪ್ಪಾಗ್ಯದ."

"ಕುಂದ್ರಸ್ತೀನಿ ಬಿಡ್ರಿ" ಎಂದು ಗೊಣಗಿ ಅವರು ಫೋನು ಇಟ್ಟರು.

ಮಾಲಕರಿಗೆ ಹೇಳುವುದು ಇನ್ನೂ ಬಾಕಿಯಿತ್ತು. ಮಂಗಳವಾರ ಡಬ್ಬಿಯ ಬದಲು ಮೂರು ಪುಸ್ತಕ ಹೊತ್ತು ನಾವಿಬ್ಬರೂ ಮಾನ್ವಿಗೆ ಹೋದೆವು. ಬಾಯ್ಲರ್ ಮನೆಯ ಹೊರಗೆ ಹೊಟ್ಟಿನ ಗುಡ್ಡದ ನೆರಳಿನಲ್ಲಿ ಚೀಲ ಹಾಸಿ ಕೂತೆವು. ಒಳಗೆ ಬೂದೆಪ್ಪ ಗಾಜಿನ ಎದುರು ಸ್ಟೂಲಿನ ಮೇಲೆ ಕೂತಿದ್ದ, ನನ್ನನ್ನು ನೋಡಿ ಕೈ ಎತ್ತಿದ. ಅಣ್ಣ ಪಾಳಿ ಮುಗಿಸಿ ಮುಖ ತೊಳೆದು ಬಂದ.

"ಇನ್ನ ಮ್ಯಾಲ ನೀ ಇಂಗ್ಲಿಷ್ ಮಾಡಬ್ಯಾಡ" ಎಂದಿದ್ದರು ಅನ್ವರಿ ಬೇಗಂ ಬಸ್ಸಿನಲ್ಲಿ. "ಇದ್ದಂಗ ಓದು. ನಿಮ್ಮಣ್ಣ ಅರ್ಥ ಹೇಳ್ತಾನ. ಬರಕೊಳ್ಳೂದು ನಾನು." ಸಿಟ್ಟು ಬರಬೇಕಿತ್ತು. ಬಂತು ಕೂಡ. ಆದರೂ ಪುಸ್ತಕ ತೆರೆದೆ.

ಮೊದಲ ಪುಟದಿಂದ ಓದಿದೆ. ಅಣ್ಣ ಒಂದೊಂದಕ್ಕೂ ಕೈ ಆಡಿಸಿ, ನೀರು ಹೇಗೆ ಏರಿತು, ಹೊಟ್ಟು ಹೇಗೆ ಸಿಕ್ಕಿಕೊಂಡಿತು ಎಂದು ತೋರಿಸಿದ. ಅವರು ಬರೆದುಕೊಂಡರು. ಸುಮಾರು ಸರಿಯಾಗಿಯೇ ಇತ್ತು ನಾನು ಮಾಡಿದ್ದು, ಅದೂ ಹೇಳಬೇಕು. ಹದಿನೇಳನೇ ಪುಟದಲ್ಲಿ ಒಂದು ಸಾಲು ಓದಿದೆ: "ಸಂಜಿ ಪಾಳಿ. ಮುಳ್ಳು ಹೆದರಿತು."

"ಇದನ್ನ ಏನಂತ ಬರ್ದಿದ್ದಿ?" ಎಂದರು.

"ಪ್ರೆಷರ್ ಮುಳ್ಳು ನಡುಗಿತು ಅಂತ."

ಅಣ್ಣ ಪುಸ್ತಕ ಇಸಿದುಕೊಂಡು ಕಣ್ಣಿಗೆ ಹತ್ತಿರ ಹಿಡಿದ. "ನಡುಗಿತೋ, ಒಮ್ಮೆಲೆ ಬಿತ್ತೋ... ಇದು ನಾ ಬರ್ದಿದ್ದಲ್ರಿ ಮೇಡಂ. ಸಂಜಿ ಪಾಳಿ ನೋಡೋ ಸುಂಕಪ್ಪನ ಅಕ್ಷರ. ಅಂವ ಹಂಗ, ಮಶೀನಿಗೆಲ್ಲ ಜೀವ ಅದ ಅನ್ನೋನಂಗ ಬರೀತಾನ. ಅವನ್ನ ಕೇಳ್ಬೇಕು."

"ಎಲ್ಲಿರ್ತಾನ ಸುಂಕಪ್ಪ?"

"ಮಸರಕಲ್ಲಿಗೆ ಹೋಗ್ಯಾನ, ಮಗಳ ಮನಿಗೆ. ನಾಡಿದ್ದು ಬರ್ತಾನ್ರಿ."

ರಾಮಲಿಂಗಪ್ಪನವರು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. "ಅಂದ್ರ ಇನ್ನೂ ಎರಡ್ ದಿನಾನಾ? ಒಂದ್ ಮಾತಿಗೆ?" ಎಂದರು.

"ಹೌದ್ರೀ" ಎಂದು ಅನ್ವರಿ ಬೇಗಂ ಆ ಸಾಲಿನ ಎದುರು ಜಾಗ ಖಾಲಿ ಬಿಟ್ಟು, ಸುಂಕಪ್ಪ ಎಂದು ಉರ್ದುವಿನಲ್ಲಿ ಬರೆದುಕೊಂಡರು. ನನ್ನ ಕಡೆ ನೋಡಿ, "ಮುಂದ ಓದು" ಎಂದರು.